ಮನೆಯ ದೀಪ, ಮನೆಯ ಒಲೆ ಮತ್ತು ಸರ್ಕಾರದ ಹಣ

ಬಡ ಕುಟುಂಬಕ್ಕೆ ಬೇಕಾದ ಬೆಳಕು, ಗಾಳಿ ಮತ್ತು ಅಡುಗೆ ಇಂಧನದ ಖರ್ಚಿನಲ್ಲಿ ಸರ್ಕಾರ ಪಾಲು ಹೊರುವುದು ಮೂರು ಬಗೆಯಲ್ಲಿ. ಒಂದು, ಸಂಪರ್ಕದ ಖರ್ಚು: ಕಂಬದಿಂದ ಮನೆಗೆ ವೈರು ಎಳೆದು ಮೀಟರು ಕೂರಿಸುವುದು, ಇಲ್ಲವೆ ಗ್ಯಾಸ್ ಸಿಲಿಂಡರಿನ ಠೇವಣಿ ಕಟ್ಟುವುದು. ಎರಡು, ದರದಲ್ಲಿ ರಿಯಾಯಿತಿ. ಮೂರು, ತಿಂಗಳ ಬಿಲ್ಲನ್ನೇ ಸರ್ಕಾರ ಕಟ್ಟಿಬಿಡುವುದು. ಕರ್ನಾಟಕದಲ್ಲಿ ಈ ಮೂರೂ ಒಂದರ ಹಿಂದೊಂದು ಬಂದಿವೆ. ರಾಯಚೂರು ನಗರದ ಬಡಾವಣೆಗಳಲ್ಲಿ, ಗುಂಜಹಳ್ಳಿಯಂಥ ಹಳ್ಳಿಗಳಲ್ಲಿ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಕೂಲಿಕಾರರ ಮನೆಗಳಲ್ಲಿ ಈ ಮೂರರ ಗುರುತೂ ಕಾಣುತ್ತದೆ. ಹಳೆಯ ಭಾಗ್ಯಜ್ಯೋತಿಯ ಮೀಟರು, ಉಜ್ವಲಾ ಯೋಜನೆಯ ಸಿಲಿಂಡರು, ಗೃಹಜ್ಯೋತಿಯ ಸೊನ್ನೆ ಬಿಲ್ಲು ಎಷ್ಟೋ ಕಡೆ ಒಂದೇ ಸೂರಿನಡಿ ಇರುತ್ತವೆ.

ನೆರವಿನ ಅಳತೆ ತಿಳಿಯಬೇಕಾದರೆ ಮೊದಲು ಒಂದು ಮನೆಯ ಬಳಕೆ ತಿಳಿಯಬೇಕು. ಸಾವಿರ ವ್ಯಾಟ್ ಶಕ್ತಿಯನ್ನು ಒಂದು ತಾಸು ಬಳಸಿದರೆ ಒಂದು ಯೂನಿಟ್ ಆಗುತ್ತದೆ. 9 ವ್ಯಾಟ್‌ನ ಎರಡು ಎಲ್‌ಇಡಿ ಬಲ್ಬು ದಿನಕ್ಕೆ ಆರು ತಾಸು ಉರಿದರೆ ತಿಂಗಳಿಗೆ ಮೂರು ಯೂನಿಟ್‌ಗಿಂತ ತುಸು ಹೆಚ್ಚು. 60 ವ್ಯಾಟ್‌ನ ಟಿ.ವಿ. ದಿನಕ್ಕೆ ನಾಲ್ಕು ತಾಸು ನಡೆದರೆ ಏಳು ಯೂನಿಟ್. ಮೊಬೈಲ್ ಚಾರ್ಜಿಗೂ ಮಿಕ್ಸರಿಗೂ ಸೇರಿ ಎರಡು, ಮೂರು ಯೂನಿಟ್. ಇಷ್ಟರಲ್ಲೇ ಮುಗಿದರೆ ಡಿಸೆಂಬರ್ ತಿಂಗಳ ಒಟ್ಟು ಬಳಕೆ 13 ಯೂನಿಟ್‌ನ ಆಸುಪಾಸಿನಲ್ಲಿರುತ್ತದೆ. ಬಿಲ್ಲನ್ನು ಏರಿಸುವುದು ಫ್ಯಾನು. 75 ವ್ಯಾಟ್‌ನ ಸೀಲಿಂಗ್ ಫ್ಯಾನು ದಿನಕ್ಕೆ 14 ತಾಸು ತಿರುಗಿದರೆ ತಿಂಗಳಿಗೆ 31 ಯೂನಿಟ್ ಮೀರುತ್ತದೆ. ರಾತ್ರಿ ಎಂಟು ತಾಸು ಇನ್ನೊಂದು ಫ್ಯಾನು ಹಾಕಿದರೆ ಮತ್ತೆ 18 ಯೂನಿಟ್ ಸೇರುತ್ತದೆ. ಹೀಗೆ ಡಿಸೆಂಬರ್‌ನಲ್ಲಿ 13 ಯೂನಿಟ್ ಬಳಸಿದ ಮನೆಯೇ ಏಪ್ರಿಲ್‌ನಲ್ಲಿ 62 ಯೂನಿಟ್ ಮುಟ್ಟುತ್ತದೆ. ಬಾಡಿಗೆಗೆ ತಂದದ್ದಾಗಲಿ, ಸೆಕೆಂಡ್ ಹ್ಯಾಂಡ್ ಕೊಂಡದ್ದಾಗಲಿ, 170 ವ್ಯಾಟ್‌ನ ಕೂಲರೊಂದು ಹತ್ತು ತಾಸು ನಡೆದರೆ ಇನ್ನೂ 51 ಯೂನಿಟ್ ಕೂಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆಯಾಗಿರುವ ರಾಯಚೂರು ಜಿಲ್ಲೆಯಲ್ಲಿ, ತಗಡಿನ ಮಾಡಿನ ಕೆಳಗೆ ಕೂಸು ಅಥವಾ ಮುದುಕರಿರುವ ಮನೆಗೆ ಫ್ಯಾನು ಸುಖದ ಸಾಮಾನಲ್ಲ. ಈ ಸೀಮೆಯ ಮನೆಬಳಕೆಯ ಕರೆಂಟಿನ ಪ್ರಶ್ನೆ ಬಹುಮಟ್ಟಿಗೆ ಬೇಸಿಗೆಯ ಪ್ರಶ್ನೆ.

ಕರೆಂಟು ಬರುವ ಮುಂಚೆ ಸರ್ಕಾರದ ನೆರವು ಸೀಮೆಎಣ್ಣೆಯ ರೂಪದಲ್ಲಿತ್ತು. ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಚೀಟಿಗೆ ಇಷ್ಟು ಲೀಟರ್ ಎಂದು ಅಳೆದು ಕೊಡುತ್ತಿದ್ದ ಎಣ್ಣೆಯಲ್ಲೇ ಚಿಮಣಿಯೂ ಕಂದೀಲೂ ಸ್ಟವ್ವೂ ನಡೆಯುತ್ತಿದ್ದವು. ಅದರ ಬೆಲೆಯನ್ನು ಕೇಂದ್ರ ಸರ್ಕಾರ ಮಾರುಕಟ್ಟೆ ದರಕ್ಕಿಂತ ಬಹಳ ಕೆಳಗೆ ಹಿಡಿದಿತ್ತು. ಈ ಸಹಾಯಧನದ ದೊಡ್ಡ ದೋಷವೆಂದರೆ ಸೋರಿಕೆ: ಬಡವರ ಪಾಲಿನ ಎಣ್ಣೆ ಕಾಳಸಂತೆಗೂ ಡೀಸೆಲ್ ಕಲಬೆರಕೆಗೂ ಹರಿಯುತ್ತಿತ್ತು. 2016ರಿಂದ ಬೆಲೆಯನ್ನು ಕಂತು ಕಂತಾಗಿ ಏರಿಸುತ್ತ ಬರಲಾಯಿತು. 2020ರ ಹೊತ್ತಿಗೆ ಪಡಿತರ ಸೀಮೆಎಣ್ಣೆಯ ಮೇಲಿನ ಕೇಂದ್ರದ ಸಹಾಯಧನ ಹೆಚ್ಚುಕಡಿಮೆ ನಿಂತಿತು. ಅಷ್ಟರಲ್ಲಿ ದೀಪಕ್ಕೆ ಕರೆಂಟು, ಒಲೆಗೆ ಗ್ಯಾಸು ಎಂಬುದು ಸರ್ಕಾರದ ನೀತಿಯಾಗಿತ್ತು.

ಬಡವರ ಮನೆಗೆ ಕರೆಂಟು ಒಯ್ಯುವ ಕೆಲಸವನ್ನು ಕರ್ನಾಟಕ ದೇಶವ್ಯಾಪಿ ಯೋಜನೆಗಳು ಹುಟ್ಟುವ ಮೊದಲೇ ಆರಂಭಿಸಿತ್ತು. 1979–80ರಲ್ಲಿ ರಾಜ್ಯ ಸರ್ಕಾರ ಭಾಗ್ಯಜ್ಯೋತಿ ಯೋಜನೆಯನ್ನು ತಂದಿತು. ಆಗಿನ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ ದುರ್ಬಲ ವರ್ಗದ ಮನೆಗಳಿಗೆ ಒಂದೇ ಒಂದು ಬಲ್ಬಿನ ಸಂಪರ್ಕ ಕೊಟ್ಟಿತು. 1988–89ರಲ್ಲಿ ಕೇಂದ್ರ ಸರ್ಕಾರ ಕುಟೀರ ಜ್ಯೋತಿ ಎಂಬ ಹೆಸರಿನಲ್ಲಿ ಇಂಥದ್ದೇ ಯೋಜನೆಯನ್ನು ದೇಶಕ್ಕೆಲ್ಲ ಹಬ್ಬಿಸಿತು. ಈ ಎರಡೂ ಬಗೆಯ ಮನೆಗಳನ್ನು ಮುಂದೆ ದರಪಟ್ಟಿಯಲ್ಲಿ ಒಂದೇ ವರ್ಗವಾಗಿ ಸೇರಿಸಲಾಯಿತು. ತಿಂಗಳಿಗೆ 18 ಯೂನಿಟ್‌ವರೆಗಿನ ಬಳಕೆಯ ಹಣವನ್ನು ರಾಜ್ಯ ಸರ್ಕಾರ ಕಟ್ಟುವ ಏರ್ಪಾಡು ಬಂತು. 40 ವ್ಯಾಟ್‌ನ ಗುಂಡು ಬಲ್ಬೊಂದನ್ನು ದಿನಕ್ಕೆ 15 ತಾಸು ಉರಿಸಿದರೆ ಆಗುವ ಬಳಕೆ ಅದು. ಮನೆಯಲ್ಲಿ ಬಲ್ಬು ಬಿಟ್ಟು ಬೇರೇನೂ ಇಲ್ಲದ ಕಾಲಕ್ಕೆ ಅಷ್ಟು ಸಾಕಾಗಿತ್ತು.

ಟಿ.ವಿ.ಯೂ ಫ್ಯಾನೂ ಬಂದ ಮೇಲೆ ಆ ಲೆಕ್ಕ ಕೆಟ್ಟಿತು. ಮಿತಿ ದಾಟಿದ ಮನೆಗೆ ಮಾಮೂಲು ಗೃಹಬಳಕೆಯ ದರದಲ್ಲಿ ಬಿಲ್ಲು ಬರುವ ನಿಯಮವಿತ್ತು. ಉಚಿತವೆಂದು ನಂಬಿದ್ದ ಕುಟುಂಬಗಳಿಗೆ ಬಿಲ್ಲು ಬರುತ್ತಿರುವುದು ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ಬಾಕಿ ಬೆಳೆಯುತ್ತಿತ್ತು, ಬಡ್ಡಿ ಕೂಡುತ್ತಿತ್ತು. ಮೀಟರಿಲ್ಲದ ಮನೆ, ಕೆಟ್ಟ ಮೀಟರು, ಓದದೆ ಅಂದಾಜಿನಲ್ಲಿ ಹಾಕಿದ ಬಿಲ್ಲು ಇವೆಲ್ಲ ಸೇರಿ ಹಳ್ಳಿಗಳಲ್ಲಿ ಭಾಗ್ಯಜ್ಯೋತಿಯ ಬಾಕಿ ಎಂಬುದು ಬಗೆಹರಿಯದ ತಗಾದೆಯಾಯಿತು. 2023ರ ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಒಂದು ಪುಟ್ಟ ಮನೆಯ ಭಾಗ್ಯಜ್ಯೋತಿ ಸಂಪರ್ಕಕ್ಕೆ ಒಂದು ಲಕ್ಷ ರೂಪಾಯಿ ಮೀರಿದ ಬಿಲ್ಲು ಬಂದ ಸುದ್ದಿ ನಾಡೆಲ್ಲ ಹರಡಿತು. ಮೀಟರಿನ ದೋಷದಿಂದ ಹೀಗಾಗಿದೆ, ಹಣ ಕಟ್ಟಬೇಕಿಲ್ಲ ಎಂದು ಇಂಧನ ಇಲಾಖೆ ಹೇಳಿತು. ನೆರವಿನ ಯೋಜನೆ ಎಷ್ಟು ಉದಾರವಾಗಿದ್ದರೂ ಅದು ಮನೆ ಮುಟ್ಟುವುದು ಮೀಟರಿನ ಮೂಲಕವೇ ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ಮಿತಿಯನ್ನು ಏರಿಸುವ ಕೆಲಸ ತಡವಾಗಿ ನಡೆಯಿತು. 2017ರಲ್ಲಿ 18 ಯೂನಿಟ್ 40ಕ್ಕೆ ಏರಿತು. 2022ರಲ್ಲಿ ಬಸವರಾಜ ಬೊಮ್ಮಾಯಿ ಅವರ ಸರ್ಕಾರ ಅಮೃತ ಜ್ಯೋತಿ ಎಂಬ ಹೆಸರಿನಲ್ಲಿ ಬಡತನ ರೇಖೆಗಿಂತ ಕೆಳಗಿನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಕುಟುಂಬಗಳಿಗೆ 75 ಯೂನಿಟ್‌ವರೆಗೆ ಉಚಿತವೆಂದು ಸಾರಿತು. ಇತ್ತ ಸಂಪರ್ಕದ ಕೆಲಸವೂ ಮುಂದುವರಿದಿತ್ತು. 2005ರ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ, ಅದರ ನಂತರದ ದೀನದಯಾಳ್ ಉಪಾಧ್ಯಾಯ ಗ್ರಾಮ ಜ್ಯೋತಿ ಯೋಜನೆ, 2017ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸೌಭಾಗ್ಯ ಯೋಜನೆ ಇವು ಕೇಂದ್ರದ ಹಣದಿಂದ ಉಳಿದ ಮನೆಗಳಿಗೆ ಕರೆಂಟು ಒಯ್ದವು. ಸೌಭಾಗ್ಯದಲ್ಲಿ ಬಡ ಕುಟುಂಬಕ್ಕೆ ಸಂಪರ್ಕ ಪೂರ್ತಿ ಉಚಿತವಾಗಿತ್ತು. ಉಳಿದವರು 500 ರೂಪಾಯಿಯನ್ನು ಹತ್ತು ಕಂತಿನಲ್ಲಿ ಕಟ್ಟಬೇಕಿತ್ತು. ಆದರೆ ಈ ಯಾವ ಕೇಂದ್ರ ಯೋಜನೆಯೂ ಸಂಪರ್ಕ ಕೊಟ್ಟ ಮೇಲಿನ ತಿಂಗಳ ಬಿಲ್ಲಿನ ಹೊಣೆ ಹೊರಲಿಲ್ಲ. ಅದು ರಾಜ್ಯಗಳ ಪಾಲಿಗೆ ಉಳಿಯಿತು.

ರಾಯಚೂರು ಜಿಲ್ಲೆ ಕರೆಂಟು ತಯಾರಿಸುವ ಜಿಲ್ಲೆಯೂ ಹೌದು. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಎಂಟು ಘಟಕಗಳು ಸೇರಿ ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ನಗರದ ಹತ್ತಿರದ ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಆದರೆ ಅಲ್ಲಿ ಹುಟ್ಟಿದ ಕರೆಂಟು ರಾಜ್ಯದ ಜಾಲಕ್ಕೆ ಸೇರುತ್ತದೆ. ಪಕ್ಕದ ಹಳ್ಳಿಗೆಂದು ಅದರಲ್ಲಿ ಬೇರೆ ಪಾಲೂ ಇಲ್ಲ, ಬೇರೆ ದರವೂ ಇಲ್ಲ. ಮನೆಗೆ ಕರೆಂಟು ಮಾರುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಜೆಸ್ಕಾಂ. 2002ರ ಜೂನ್‌ನಿಂದ ಈ ಭಾಗದ ಜಿಲ್ಲೆಗಳ ಹಂಚಿಕೆ ಅದರ ಕೈಯಲ್ಲಿದೆ. ದರವನ್ನು ಕಂಪನಿಯೂ ಗೊತ್ತುಮಾಡುವುದಿಲ್ಲ, ಸರ್ಕಾರವೂ ಗೊತ್ತುಮಾಡುವುದಿಲ್ಲ. ಆ ಅಧಿಕಾರ ಇರುವುದು 1999ರಲ್ಲಿ ರಚನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ.

ಆಯೋಗ ಗೊತ್ತುಮಾಡಿದ ದರದಲ್ಲಿ ಬಡವರ ಬಿಲ್ಲು ಎಷ್ಟಾಗುತ್ತದೆ ಎಂಬುದನ್ನು 2024–25ರ ಲೆಕ್ಕದಲ್ಲಿ ನೋಡಬಹುದು. ಆ ವರ್ಷ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 90 ಪೈಸೆ. ಮಂಜೂರಾದ ಒಂದು ಕಿಲೋವ್ಯಾಟ್ ಲೋಡಿಗೆ ತಿಂಗಳಿಗೆ 120 ರೂಪಾಯಿ ನಿಗದಿತ ಶುಲ್ಕ. ಯೂನಿಟ್‌ಗಳ ಹಣದ ಮೇಲೆ ಶೇಕಡಾ 9 ವಿದ್ಯುತ್ ತೆರಿಗೆ. 50 ಯೂನಿಟ್ ಬಳಸಿದ ಮನೆಗೆ ಯೂನಿಟ್‌ಗಳದ್ದು 295, ತೆರಿಗೆ 26 ರೂಪಾಯಿ 55 ಪೈಸೆ, ನಿಗದಿತ ಶುಲ್ಕ 120. ಒಟ್ಟು 441 ರೂಪಾಯಿ 55 ಪೈಸೆ. ಕಲ್ಲಿದ್ದಲಿನ ಬೆಲೆಗೆ ತಕ್ಕಂತೆ ಏರಿಳಿಯುವ ಹೊಂದಾಣಿಕೆ ಶುಲ್ಕ ಇದರಲ್ಲಿ ಸೇರಿಲ್ಲ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ. ಅಂದರೆ ಎರಡು ಬಲ್ಬು, ಒಂದು ಫ್ಯಾನು, ಒಂದು ಟಿ.ವಿ. ಇರುವ ಮನೆಯ ಬಿಲ್ಲು ಒಂದೂಕಾಲು ದಿನದ ಕೂಲಿಯನ್ನು ನುಂಗುತ್ತಿತ್ತು. ಬಳಸಿದ್ದು ಕಡಿಮೆಯಿದ್ದಷ್ಟೂ ನಿಗದಿತ ಶುಲ್ಕದ ಪಾಲು ಬಿಲ್ಲಿನಲ್ಲಿ ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ ಗಮನಿಸಬೇಕು.

ಈ ಬಿಲ್ಲನ್ನು ಸರ್ಕಾರವೇ ಕಟ್ಟುವ ಯೋಜನೆ ಗೃಹಜ್ಯೋತಿ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಾಂಗ್ರೆಸ್ ಘೋಷಿಸಿದ ಐದು ಗ್ಯಾರಂಟಿಗಳಲ್ಲಿ ಇದೂ ಒಂದು. ಸಿದ್ದರಾಮಯ್ಯ ಅವರ ಸರ್ಕಾರ 2023ರ ಜೂನ್ 5ರಂದು ಆದೇಶ ಹೊರಡಿಸಿತು. ಜೂನ್ 18ರಿಂದ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ನೋಂದಣಿ ಆರಂಭವಾಯಿತು. ಜುಲೈ ತಿಂಗಳ ಬಳಕೆಗೆ ಆಗಸ್ಟ್‌ನಲ್ಲಿ ಬಂದ ಬಿಲ್ಲಿನಿಂದ ಯೋಜನೆ ಜಾರಿಗೆ ಬಂತು. ಆಗಸ್ಟ್ 5ರಂದು ಕಲಬುರಗಿಯಲ್ಲಿ ಅದರ ಅಧಿಕೃತ ಉದ್ಘಾಟನೆ ನಡೆಯಿತು. ಭಾಗ್ಯಜ್ಯೋತಿ, ಕುಟೀರ ಜ್ಯೋತಿ, ಅಮೃತ ಜ್ಯೋತಿಗಳನ್ನೂ ಇದರೊಳಗೆ ಸೇರಿಸಲಾಯಿತು.

‘200 ಯೂನಿಟ್ ಉಚಿತ’ ಎಂಬ ಮಾತು ಎಲ್ಲರ ಬಾಯಲ್ಲಿದ್ದರೂ ಪ್ರತಿ ಮನೆಗೂ 200 ಯೂನಿಟ್ ಸಿಗುವುದಿಲ್ಲ. ಒಂದು ಮನೆ 2022–23ನೇ ಹಣಕಾಸು ವರ್ಷದಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಆ ಮನೆಯ ಅರ್ಹತೆ ಸಿಗುತ್ತದೆ. 200 ಎಂಬುದು ಹೊರಗಿನ ಗಡಿ ಮಾತ್ರ. ಅರ್ಹತೆಯೊಳಗೆ ಬಳಸಿದರೆ ಸೊನ್ನೆ ಬಿಲ್ಲು. ಅರ್ಹತೆ ಮೀರಿ 200ರೊಳಗೆ ನಿಂತರೆ ಹೆಚ್ಚಿನ ಯೂನಿಟ್‌ಗಳಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಮನೆಯವರದ್ದೇ. ಹಿಂದಿನ ವರ್ಷದ ಲೆಕ್ಕವಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಶೇಕಡಾ 10 ಸೇರಿಸಿ 58 ಯೂನಿಟ್ ಕೊಡಲಾಯಿತು.

ಈ ಸೂತ್ರದಲ್ಲಿ ಒಂದು ವಿಚಿತ್ರವಿತ್ತು. ತಿಂಗಳಿಗೆ 150 ಯೂನಿಟ್ ಬಳಸುತ್ತಿದ್ದ ಮನೆಗೆ ಹೆಚ್ಚುವರಿಯಾಗಿ 15 ಯೂನಿಟ್ ಸಿಕ್ಕಿತು. 30 ಯೂನಿಟ್ ಬಳಸುತ್ತಿದ್ದ ಮನೆಗೆ ಸಿಕ್ಕಿದ್ದು ಮೂರೇ ಯೂನಿಟ್. ಹಣವಿಲ್ಲದೆ ಫ್ಯಾನು ಹಾಕದವರಿಗೆ ಫ್ಯಾನಿಲ್ಲದ ಲೆಕ್ಕವೇ ಖಾಯಂ ಆಯಿತು. 2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ತಿದ್ದಿತು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಬಳಸುವ ಮನೆಗಳಿಗೆ ಶೇಕಡಾ 10ರ ಬದಲು ನೇರವಾಗಿ 10 ಯೂನಿಟ್ ಸೇರಿಸುವ ತೀರ್ಮಾನವಾಯಿತು. 30 ಯೂನಿಟ್‌ನ ಮನೆಯ ಅರ್ಹತೆ 33ರಿಂದ 40ಕ್ಕೆ ಏರಿತು. ಸುದ್ದಿಯಲ್ಲಿ ಚಿಕ್ಕದಾಗಿ ಬಂದ ಈ ತಿದ್ದುಪಡಿ ಬಡವರ ಮಟ್ಟಿಗೆ ದೊಡ್ಡದು.

ಆದರೂ ವರ್ಷದ ಸರಾಸರಿಗೆ ಬೇಸಿಗೆ ಗೊತ್ತಾಗುವುದಿಲ್ಲ. ಮೇಲೆ ಹೇಳಿದಂಥ ಮನೆಯೇ ಇದಕ್ಕೆ ಉದಾಹರಣೆ. ಡಿಸೆಂಬರ್‌ನಲ್ಲಿ 13, ಏಪ್ರಿಲ್‌ನಲ್ಲಿ 62 ಯೂನಿಟ್ ಬಳಸುವ ಮನೆಯ ವರ್ಷದ ಸರಾಸರಿ 38 ಎಂದಿಟ್ಟುಕೊಂಡರೆ ಅದರ ಅರ್ಹತೆ 48 ಯೂನಿಟ್. ಡಿಸೆಂಬರ್‌ನಲ್ಲಿ ಉಳಿದ 35 ಯೂನಿಟ್ ಮುಂದಿನ ತಿಂಗಳಿಗೆ ಜಮೆಯಾಗುವುದಿಲ್ಲ. ಏಪ್ರಿಲ್‌ನಲ್ಲಿ ಮೀರಿದ 14 ಯೂನಿಟ್‌ಗೆ, 2024–25ರ ದರದಂತೆ, ತೆರಿಗೆ ಸೇರಿ 90 ರೂಪಾಯಿ ಕಟ್ಟಬೇಕು. ಇಡೀ ವರ್ಷದಲ್ಲಿ ಅರ್ಹತೆಗಿಂತ ಕಡಿಮೆಯೇ ಬಳಸಿದ ಮನೆಯೂ ಬಿಸಿಲಿನ ಎರಡು, ಮೂರು ತಿಂಗಳು ಹಣ ಕಟ್ಟುವ ಸ್ಥಿತಿ ಹೀಗೆ ಬರುತ್ತದೆ. ಮಲೆನಾಡಿನ ಮನೆಗೂ ರಾಯಚೂರಿನ ಮನೆಗೂ ಒಂದೇ ಸೂತ್ರ ಹಾಕಿದಾಗ ಬಿಸಿಲುನಾಡಿಗೆ ತಟ್ಟುವ ವ್ಯತ್ಯಾಸ ಇದು.

ಗುಳೆಯೂ ಈ ಸರಾಸರಿಯನ್ನು ಕೆಡಿಸುತ್ತದೆ. ದೇವದುರ್ಗವನ್ನು 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ರಾಯಚೂರು ಜಿಲ್ಲೆ 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿತು. ಇಲ್ಲಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳು ಬಹಳ. ಎಂಟು ತಿಂಗಳು ತಲಾ 50 ಯೂನಿಟ್ ಬಳಸಿ, ನಾಲ್ಕು ತಿಂಗಳು ಬೀಗ ಹಾಕಿದ ಮನೆಯ ವರ್ಷದ ಒಟ್ಟು ಬಳಕೆ 400 ಯೂನಿಟ್. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 33. ಹತ್ತು ಸೇರಿಸಿದರೂ 43. ಮನೆಯವರು ಊರಲ್ಲಿದ್ದಾಗ ಬೇಕಾಗುವ 50ಕ್ಕೆ ಅದು ಸಾಲದು. ಇನ್ನು ಅದೇ ಕುಟುಂಬ ಬೆಂಗಳೂರಿನಲ್ಲಿ ಗುತ್ತಿಗೆದಾರನ ತಗಡಿನ ಶೆಡ್ಡಿನಲ್ಲಿದ್ದಾಗ ಅದರ ಹೆಸರಿನಲ್ಲಿ ಮೀಟರೇ ಇರುವುದಿಲ್ಲ. ಊರಿನ ಸೌಲಭ್ಯ ಊರಲ್ಲೇ ಉಳಿಯುತ್ತದೆ.

ಅತ್ತ 200ರ ಗಡಿಯಲ್ಲಿ ಬಿಲ್ಲು ಒಮ್ಮೆಗೇ ಜಿಗಿಯುತ್ತದೆ. 2024–25ರ ದರದಲ್ಲಿ 180 ಯೂನಿಟ್ ಅರ್ಹತೆಯ ಮನೆ 200 ಬಳಸಿದರೆ ಕಟ್ಟಬೇಕಾದದ್ದು 20 ಯೂನಿಟ್‌ನ ಹಣ, ತೆರಿಗೆ ಸೇರಿ 128 ರೂಪಾಯಿ 62 ಪೈಸೆ. ಅದೇ ಮನೆ 201 ಬಳಸಿದರೆ, ಒಂದು ಕಿಲೋವ್ಯಾಟ್ ಲೋಡಿನ ಲೆಕ್ಕದಲ್ಲಿ, 1,412 ರೂಪಾಯಿ ಮೀರುತ್ತದೆ. ಒಂದೇ ಮೀಟರಿನಲ್ಲಿ ಅಣ್ಣತಮ್ಮಂದಿರ ಎರಡು, ಮೂರು ಸಂಸಾರ ನಡೆಯುವ ಮನೆಗಳು ಈ ಗಡಿಗೆ ಬೇಗ ತಾಗುತ್ತವೆ. ಒಬ್ಬೊಬ್ಬರ ಬಳಕೆ ಸಣ್ಣದಾದರೂ ಮೀಟರು ತೋರಿಸುವುದು ಒಟ್ಟು ಮೊತ್ತವನ್ನು. ಅಡುಗೆಮನೆ ಬೇರೆಯಾದ ಸಂಸಾರಗಳು ಪ್ರತ್ಯೇಕ ಸಂಪರ್ಕ ಪಡೆಯುವುದೇ ಇದಕ್ಕೆ ದಾರಿ.

ನೋಂದಣಿಗೆ ಬೇಕಾದದ್ದು ಆಧಾರ್ ಮತ್ತು ಬಿಲ್ಲಿನ ಮೇಲಿರುವ ಆರ್.ಆರ್. ನಂಬರು ಅಥವಾ ಗ್ರಾಹಕರ ಖಾತೆ ಸಂಖ್ಯೆ. ಒಬ್ಬರ ಆಧಾರ್‌ಗೆ ಒಂದೇ ಮೀಟರು. ಬಾಡಿಗೆದಾರರೂ ಬಾಡಿಗೆ ಕರಾರು ಅಥವಾ ಆ ವಿಳಾಸದ ದಾಖಲೆ ಕೊಟ್ಟು ಸೇರಬಹುದು. ಮನೆ ಬದಲಿಸುವಾಗ ಹಳೆಯ ಮೀಟರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸುವ ಅವಕಾಶವನ್ನು 2024ರಲ್ಲಿ ಕೊಡಲಾಯಿತು. ಅಂಗಡಿ, ಹೋಟೆಲಿನ ವಾಣಿಜ್ಯ ಮೀಟರಿಗೆ ಈ ಸೌಲಭ್ಯವಿಲ್ಲ. ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರದಲ್ಲೋ ಜೆಸ್ಕಾಂ ಕಚೇರಿಯಲ್ಲೋ ಈ ಕೆಲಸ ಆಗುತ್ತದೆ. ದೂರಿಗೆ 1912 ಸಹಾಯವಾಣಿ ಇದೆ. ಸೊನ್ನೆ ಬಿಲ್ಲು ಬಂತೆಂದು ಚೀಟಿಯನ್ನು ಬಿಸಾಡುವುದು ರೂಢಿ. ಆದರೆ ಆ ತಿಂಗಳ ಬಳಕೆ ಎಷ್ಟು, ಅರ್ಹತೆ ಎಷ್ಟು, ಹಳೆಯ ಬಾಕಿ ಏನಾದರೂ ಉಳಿದಿದೆಯೇ ಎಂಬುದೆಲ್ಲ ಆ ಚೀಟಿಯಲ್ಲೇ ತಿಳಿಯಬೇಕು. ಮೀಟರು ಕೆಟ್ಟಿರುವುದು ಗೊತ್ತಾಗುವುದೂ ಅದರಿಂದಲೇ.

ಸೊನ್ನೆ ಬಿಲ್ಲು ಎಂದರೆ ಹಣ ಯಾರೂ ಕಟ್ಟಲಿಲ್ಲ ಎಂದಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಮಿನಂತೆ, ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಬಯಸುವ ರಾಜ್ಯ ಸರ್ಕಾರ ಅದರ ಮೊತ್ತವನ್ನು ವಿತರಣಾ ಕಂಪನಿಗೆ ಮುಂಗಡವಾಗಿ ಕೊಡಬೇಕು. ಗೃಹಜ್ಯೋತಿಗೆ ರಾಜ್ಯ ಬಜೆಟ್‌ನಲ್ಲಿ 2024–25ಕ್ಕೆ 9,657 ಕೋಟಿ, 2025–26ಕ್ಕೆ 10,100 ಕೋಟಿ ರೂಪಾಯಿ ಇಡಲಾಯಿತು. ಇದು ನೀರಾವರಿ ಪಂಪ್‌ಸೆಟ್‌ಗಳ ಸಹಾಯಧನದ ಜತೆ ಬೆರೆಯದ ಬೇರೆ ಮೊತ್ತ. ಸರ್ಕಾರದ ಹಣ ಹೊತ್ತಿಗೆ ಸರಿಯಾಗಿ ಬರದಿದ್ದರೆ ಕಂಪನಿ ಸಾಲ ಮಾಡಿ ಕರೆಂಟು ಕೊಳ್ಳುತ್ತದೆ. ಸಾಲದ ಬಡ್ಡಿ ಮುಂದೊಂದು ದಿನ ಎಲ್ಲರ ದರಕ್ಕೆ ಸೇರುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಬದಲಿಸುವುದು, ಜೋತುಬಿದ್ದ ವೈರು ಬಿಗಿಯುವುದು ಮುಂತಾದ ಕೆಲಸಗಳು ಹಿಂದೆ ಬೀಳುತ್ತವೆ. ಬಿಲ್ಲು ಸೊನ್ನೆಯಾಗಿ ಕರೆಂಟೇ ಇಲ್ಲದಿದ್ದರೆ ಬಡವರಿಗೆ ಆದ ಲಾಭವೂ ಸೊನ್ನೆಯೇ.

ಗೃಹಜ್ಯೋತಿ ಬಡವರಿಗಷ್ಟೇ ಮೀಸಲಾದ ಯೋಜನೆಯಲ್ಲ. ಬಿಪಿಎಲ್ ಚೀಟಿ ಕೇಳದೆ ಬಳಕೆಯನ್ನೇ ಅಳತೆಗೋಲು ಮಾಡಿಕೊಂಡಿದೆ. ಗಡಿಯಾಚೆಯ ತೆಲಂಗಾಣದಲ್ಲಿ 2024ರಲ್ಲಿ ಅದೇ ಗೃಹಜ್ಯೋತಿ ಹೆಸರಿನಲ್ಲಿ ಬಂದ ಯೋಜನೆ ಆಹಾರ ಭದ್ರತೆಯ ಪಡಿತರ ಚೀಟಿ ಇರುವವರಿಗೆ 200 ಯೂನಿಟ್ ಕೊಡುತ್ತದೆ. ತಮಿಳುನಾಡಿನಲ್ಲಿ 2016ರಿಂದ ಎಲ್ಲ ಮನೆಗಳಿಗೂ ಎರಡು ತಿಂಗಳ ಬಿಲ್ಲಿನ ಮೊದಲ 100 ಯೂನಿಟ್ ಉಚಿತ. ಹೆಚ್ಚು ಬಳಸಿದರೂ ಆ 100 ಕಳೆದುಹೋಗದ ಕಾರಣ ಅಲ್ಲಿ ಬಿಲ್ಲು ಹೀಗೆ ಜಿಗಿಯುವುದಿಲ್ಲ. ದೆಹಲಿ 2019ರಿಂದ 200 ಯೂನಿಟ್‌ವರೆಗೆ ಉಚಿತ ಕೊಟ್ಟು, 2022ರ ಅಕ್ಟೋಬರ್‌ನಿಂದ ಬೇಕೆಂದು ಅರ್ಜಿ ಹಾಕಿದವರಿಗಷ್ಟೇ ಸೀಮಿತಗೊಳಿಸಿತು. ಚೀಟಿ ನೋಡಿ ಕೊಟ್ಟರೆ ಖರ್ಚು ಕಡಿಮೆ, ಆದರೆ ಚೀಟಿಯಿಲ್ಲದ ಬಡವರು ಹೊರಗುಳಿಯುತ್ತಾರೆ. ಎಲ್ಲರಿಗೂ ಕೊಟ್ಟರೆ ಯಾರೂ ಹೊರಗುಳಿಯುವುದಿಲ್ಲ, ಆದರೆ ಉಳ್ಳವರಿಗೂ ಹಣ ಹೋಗುತ್ತದೆ.

ಶ್ರೀಮಂತ ದೇಶಗಳಲ್ಲೂ ಈ ತಕರಾರು ಇದ್ದದ್ದೇ. ಅಮೆರಿಕದಲ್ಲಿ 1981ರಿಂದ ಕಡಿಮೆ ಆದಾಯದ ಕುಟುಂಬಗಳ ಇಂಧನ ಬಿಲ್ಲಿಗೆ ಒಕ್ಕೂಟ ಸರ್ಕಾರ ರಾಜ್ಯಗಳ ಮೂಲಕ ಹಣ ಕೊಡುತ್ತಿದೆ. ಅದರ ಬಹುಪಾಲು ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಹೋಗುತ್ತದೆ. ಬೇಸಿಗೆಯ ತಂಪಿಗೂ ಅವಕಾಶವಿದೆ. ಬ್ರಿಟನ್ 1997ರಿಂದ ವೃದ್ಧರ ಮನೆಗಳಿಗೆ ಚಳಿಗಾಲದ ಇಂಧನ ಭತ್ಯೆ ಕೊಡುತ್ತ ಬಂತು. 2024ರಲ್ಲಿ ಅದನ್ನು ಬಡ ಪಿಂಚಣಿದಾರರಿಗಷ್ಟೇ ಮಿತಿಗೊಳಿಸಿ, ಟೀಕೆ ಎದುರಾದ ಮೇಲೆ 2025ರಲ್ಲಿ ಮತ್ತೆ ಹಿಗ್ಗಿಸಿತು. ಆ ದೇಶಗಳ ನೆರವಿನಲ್ಲಿ ಇಲ್ಲಿಗೂ ಹೊಂದುವ ಅಂಶವೆಂದರೆ ಋತುವಿಗೆ ತಕ್ಕ ಲೆಕ್ಕ. ಕಷ್ಟದ ತಿಂಗಳು ಯಾವುದೋ ಆ ತಿಂಗಳಿಗೆ ಹಣ. ರಾಯಚೂರಿನ ಮಟ್ಟಿಗೆ ಆ ತಿಂಗಳು ಏಪ್ರಿಲ್ ಮತ್ತು ಮೇ.

ಒಲೆಯ ಖರ್ಚು ಇದರಿಂದ ಬೇರೆ. 2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆ ಬಡ ಕುಟುಂಬದ ಮಹಿಳೆಯ ಹೆಸರಿನಲ್ಲಿ ಗ್ಯಾಸ್ ಸಂಪರ್ಕ ಕೊಟ್ಟಿತು. ಅದರಲ್ಲಿ ಸೇರದವರಿಗೆಂದು ರಾಜ್ಯ ಸರ್ಕಾರ ಮುಖ್ಯಮಂತ್ರಿ ಅನಿಲ ಭಾಗ್ಯ ಯೋಜನೆ ತಂದಿತು. 2021ರ ಆಗಸ್ಟ್‌ನಲ್ಲಿ ಬಂದ ಉಜ್ವಲಾ ಎರಡನೇ ಹಂತದಲ್ಲಿ ಒಲೆ ಮತ್ತು ಮೊದಲ ಸಿಲಿಂಡರು ಉಚಿತವಾದವು. ವಲಸೆ ಕುಟುಂಬಗಳು ವಿಳಾಸದ ದಾಖಲೆಯ ಬದಲು ಸ್ವಂತ ಘೋಷಣೆ ಕೊಟ್ಟರೆ ಸಾಕೆಂಬ ನಿಯಮ ಗುಳೆ ಹೋಗುವವರಿಗೆ ಅನುಕೂಲವಾಯಿತು. ಕರೆಂಟಿನ ಸೌಲಭ್ಯದಲ್ಲಿ ಇಂಥ ನಿಯಮ ಇಲ್ಲ.

ಸಂಪರ್ಕ ಸಿಕ್ಕ ಮೇಲೆ ಸಿಲಿಂಡರು ತುಂಬಿಸುವುದು ಕಷ್ಟವಾಯಿತು. ಉಜ್ವಲಾ ಕುಟುಂಬಗಳು ದೇಶದಲ್ಲಿ ಸರಾಸರಿಯಾಗಿ ತುಂಬಿಸಿದ ಸಿಲಿಂಡರು 2019–20ರಲ್ಲಿ ವರ್ಷಕ್ಕೆ ಮೂರು. 2022ರ ಮೇ ತಿಂಗಳಿಂದ ಪ್ರತಿ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರ್‌ನಿಂದ 300 ರೂಪಾಯಿ ಸಹಾಯಧನ ಬಂದ ನಂತರ, 2024–25ರಲ್ಲಿ ಅದು ನಾಲ್ಕೂವರೆಯ ಹತ್ತಿರಕ್ಕೆ ಏರಿತು. 2025ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಸಿಲಿಂಡರಿನ ಬೆಲೆ 853 ರೂಪಾಯಿ. 300 ಕಳೆದರೆ 553. ಆದರೆ 300 ರೂಪಾಯಿ ಬ್ಯಾಂಕ್ ಖಾತೆಗೆ ಬರುವುದು ಆಮೇಲೆ. ಸಿಲಿಂಡರು ಮನೆ ಬಾಗಿಲಿಗೆ ಬಂದ ದಿನ ಪೂರ್ತಿ ಬೆಲೆ ಕೈಯಲ್ಲಿರಬೇಕು. ಉದ್ಯೋಗ ಖಾತ್ರಿಯ ಅಂದಿನ 370 ರೂಪಾಯಿ ಕೂಲಿಯಲ್ಲಿ ಅದು ಎರಡು ದಿನಕ್ಕೂ ಮೀರಿದ ದುಡಿಮೆ. ಕೈಯಲ್ಲಿ ಅಷ್ಟು ಇಲ್ಲದ ದಿನ ಹಿತ್ತಲಲ್ಲಿ ಒಟ್ಟಿದ ಹತ್ತಿ ಕಟಗಿ, ತೊಗರಿ ಕಟಗಿ, ಜಾಲಿ ಸೌದೆ, ಕುಳ್ಳು ಒಲೆಗೆ ಬರುತ್ತವೆ. ಹತ್ತಿ ಬಿಡಿಸಿ ಮುಗಿದ ಹೊಲದಲ್ಲಿ ಕಟಗಿ ಪುಕ್ಕಟೆ ಸಿಗುವ ಸೀಮೆಯಿದು. ಅದಕ್ಕೆ ತೆರುವ ಬೆಲೆ ಹೊಗೆಯ ರೂಪದಲ್ಲಿ ಹೆಂಗಸರ ಎದೆಗೂ ಕಣ್ಣಿಗೂ ಬೀಳುತ್ತದೆ. ಐದು ಕೆ.ಜಿ.ಯ ಸಣ್ಣ ಸಿಲಿಂಡರು ಪಡೆಯಲು ಉಜ್ವಲಾದಲ್ಲಿ ಅವಕಾಶವಿದೆ. ಒಮ್ಮೆಗೆ ಕಟ್ಟುವ ಹಣ ಕಡಿಮೆಯಾಗುವುದರಿಂದ ದಿನಗೂಲಿಯ ಮನೆಗೆ ಅದು ಹೊಂದುತ್ತದೆ.

ಬಿಲ್ಲಿಗೆ ಹಣ ಕೊಡುವಂತೆ ಬಳಕೆಯನ್ನೇ ತಗ್ಗಿಸುವ ವಸ್ತುವಿಗೆ ಹಣ ಕೊಡುವುದೂ ನೆರವೇ. 2015ರ ಉಜಾಲಾ ಯೋಜನೆ ಎಲ್‌ಇಡಿ ಬಲ್ಬನ್ನು ಅಗ್ಗವಾಗಿ ಹಂಚಿತು. ಅದರಿಂದ ಬೆಳಕಿನ ಖರ್ಚು ಹಿಂದಿನದರ ಕಾಲು ಭಾಗಕ್ಕಿಂತ ಕೆಳಗಿಳಿಯಿತು. ಫ್ಯಾನಿನಲ್ಲೂ ಇದು ಸಾಧ್ಯ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು 30 ವ್ಯಾಟ್‌ನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ 14 ತಾಸು ಹಾಕಿದರೂ ತಿಂಗಳಿಗೆ 13 ಯೂನಿಟ್ ಮೀರದು. ಎರಡೂ ಫ್ಯಾನುಗಳನ್ನು ಹೀಗೆ ಬದಲಿಸಿದರೆ ಏಪ್ರಿಲ್‌ನ 62 ಯೂನಿಟ್ 33ರ ಹತ್ತಿರ ಬಂದು, 48ರ ಅರ್ಹತೆಯೊಳಗೆ ಉಳಿಯುತ್ತದೆ. ಸರ್ಕಾರಕ್ಕೂ ಪ್ರತಿ ತಿಂಗಳು ಅಷ್ಟು ಹಣ ಉಳಿತಾಯ. 2024ರ ಫೆಬ್ರವರಿಯಲ್ಲಿ ಕೇಂದ್ರ ತಂದ ಪಿಎಂ ಸೂರ್ಯಘರ್ ಯೋಜನೆ ಮನೆಯ ಮಾಳಿಗೆಯ ಸೌರಫಲಕಕ್ಕೆ 78,000 ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ರಾಯಚೂರಿನ ಬಿಸಿಲಿಗೆ ಅದು ಒಪ್ಪುವಂಥದ್ದಾದರೂ, ಗಟ್ಟಿ ಮಾಳಿಗೆಯೂ ಮೊದಲು ಹಾಕುವ ಹಣವೂ ಬೇಕು. ತಗಡಿನ ಮನೆಗೂ, ಆಗಲೇ ಸೊನ್ನೆ ಬಿಲ್ಲು ಬರುವ ಮನೆಗೂ ಅದು ಸದ್ಯಕ್ಕೆ ದೂರವೇ.

ಒಟ್ಟಿನಲ್ಲಿ ಒಂದು ಬಲ್ಬಿನ ಸಂಪರ್ಕದಿಂದ ಹೊರಟ ನೆರವು ಇಡೀ ಬಿಲ್ಲನ್ನು ಹೊರುವ ತನಕ ಬಂದಿದೆ. ಈಗ ಉಳಿದಿರುವುದು ಅಳತೆಯನ್ನು ಸರಿಪಡಿಸುವ ಕೆಲಸ. 2022–23ರ ಸರಾಸರಿ ಹಳತಾಗುತ್ತ ಹೋದಂತೆ ಮನೆಯ ನಿಜವಾದ ಅಗತ್ಯದಿಂದ ದೂರ ಸರಿಯುತ್ತದೆ. ತಿಂಗಳ ಅರ್ಹತೆಯ ಬದಲು ವರ್ಷದ ಅರ್ಹತೆ ಗೊತ್ತುಮಾಡಿ, ಚಳಿಗಾಲದಲ್ಲಿ ಉಳಿದ ಯೂನಿಟ್ ಬೇಸಿಗೆಗೆ ಸಿಗುವಂತೆ ಮಾಡಿದರೆ ಬಿಸಿಲು ಸೀಮೆಗೆ ನ್ಯಾಯ ಸಿಗುತ್ತದೆ. ಬೀಗ ಹಾಕಿದ ತಿಂಗಳುಗಳನ್ನು ಬಿಟ್ಟು ಸರಾಸರಿ ತೆಗೆದರೆ ಗುಳೆಯ ಕುಟುಂಬಕ್ಕೆ ನಷ್ಟವಾಗುವುದಿಲ್ಲ. ಗ್ಯಾಸಿನ ಸಹಾಯಧನವನ್ನು ಸಿಲಿಂಡರಿನ ಬೆಲೆಯಲ್ಲೇ ಕಳೆದುಕೊಟ್ಟರೆ ಕೂಲಿಕಾರರ ಒಲೆ ಹೊಗೆಯಿಂದ ಬಿಡುಗಡೆಯಾಗುವುದು ಸುಲಭ. ಬಿಲ್ಲಿನ ನೆರವಿನ ಉದ್ದೇಶ ಬಡವರು ಕಡಿಮೆ ಬಳಸಿದ್ದಕ್ಕೆ ಕಡಿಮೆ ಕೊಡುವುದಲ್ಲ, ಬೇಕಾದಷ್ಟು ಬಳಸಲು ಅವರಿಗೆ ಅನುವು ಮಾಡಿಕೊಡುವುದು. ಯಾವ ಸೂತ್ರ ಹಾಕಿದರೂ ಅದು ಸರಿಯೋ ತಪ್ಪೋ ಎಂಬುದನ್ನು ಈ ಉದ್ದೇಶದಿಂದಲೇ ಅಳೆಯಬೇಕು.